ಮಕ್ಕಳ ಬ್ಯಾಂಡು, ಪಾಲಕರ ಪರೇಡು

ಬೇರೆ ಊರುಗಳಲ್ಲಿ ಮಕ್ಕಳು ಬ್ಯಾಂಡ್ ಬಾರಿಸಿದರೆ ಪಾಲಕರು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಾರಂತೆ. ನಮ್ಮ ಡೊಂಬಿವಲಿಯಲ್ಲಿ ಹಾಗಲ್ಲ. ಇಲ್ಲಿ ಮಗು ಬ್ಯಾಂಡಿಗೆ ಸೇರಿತೆಂದರೆ ಅಪ್ಪನಿಗೋ ಅಮ್ಮನಿಗೋ ಏನಾದರೊಂದು ಆಗದೆ ವಾರ ಮುಗಿಯುವುದಿಲ್ಲ. ನನಗಂತೂ ಆಗಬಾರದ್ದೆಲ್ಲ ಆಗಿದೆ. ಕೇಳಿದವರು ನಗುತ್ತಾರೆ. ಆಗುವಾಗ ನನಗೆ ನಗು ಬಂದಿರಲಿಲ್ಲ.

ಕಿಟಕಿ ಸೀಟು

ಇಪ್ಪತ್ತು ವರ್ಷಗಳಿಂದ ನಾನು ಡೊಂಬಿವಲಿಯಿಂದ ಠಾಣೆಯ ಆಫೀಸಿಗೆ ಲೋಕಲ್ ಗಾಡಿಯಲ್ಲಿ ಹೋಗಿ ಬರುವವನು. ಖಾಲಿ ಕಿಟಕಿ ಸೀಟು ಕಂಡರೆ ಮೊದಲು ಕೂತು, ಗಾಡಿ ಎಲ್ಲಿಗೆ ಹೋಗುತ್ತದೆಂದು ಆಮೇಲೆ ಕೇಳುವುದು ನನ್ನ ಅಭ್ಯಾಸ. ಮಗಳ ಶಾಲೆಯ ಪಾಲಕರ ಸಭೆಗೆ ತಡವಾಗಿ ಹೋದೆ. ಹಾಲ್ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಆದರೂ ಕಿಟಕಿಯ ಪಕ್ಕದ ಒಂದು ಸಾಲು ಪೂರ್ತಿ ಖಾಲಿ ಇತ್ತು. ಇವರಿಗೆಲ್ಲ ತಲೆ ಕೆಟ್ಟಿದೆಯೇ ಅಂದುಕೊಂಡು ಓಡಿಹೋಗಿ ಕೂತೆ. ನನ್ನ ಹಿಂದೆಯೇ ಇನ್ನಿಬ್ಬರು ನುಗ್ಗಿ ಬಂದು ಕೂತರು. ಒಬ್ಬರು ಸ್ಟೇಷನ್ ಹೊರಗೆ ಹೋಟೆಲ್ ಇಟ್ಟಿರುವ ಕುಂದಾಪುರದವರು, ಇನ್ನೊಬ್ಬರು ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ವಿಜಯಪುರದ ಅಕ್ಕ.

ವೇದಿಕೆಯ ಮೇಲಿದ್ದ ಹೆಡ್‌ಮೇಡಂ ನಮಗೆ ಕೈ ಮುಗಿದರು. ಅದು ಬ್ಯಾಂಡ್ ಸಮಿತಿಯ ಸಾಲಂತೆ. ಯಾರೂ ಕರೆಯದೆ ಮೂವರು ಬಂದು ಕೂತದ್ದು ಶಾಲೆಯ ಇತಿಹಾಸದಲ್ಲೇ ಮೊದಲಂತೆ. ಹಾಲ್ ಪೂರ್ತಿ ಚಪ್ಪಾಳೆ ತಟ್ಟಿತು. ಆಮೇಲೆ ಮೇಡಂ ವಿಷಯಕ್ಕೆ ಬಂದರು. ಬ್ಯಾಂಡಿನ ಕೋಣೆಯನ್ನು ರೋಬೋಟ್ ಕ್ಲಾಸಿನವರು ಕೇಳುತ್ತಿದ್ದಾರೆ. ವಾಶಿಯಲ್ಲಿ ನಡೆಯುವ ಅಂತರಶಾಲಾ ಸ್ಪರ್ಧೆಯಲ್ಲಿ ಈ ವರ್ಷ ಬಹುಮಾನ ಬಂದರೆ ಸರಿ, ಇಲ್ಲವಾದರೆ ಬ್ಯಾಂಡ್ ಬಂದ್.

ನನ್ನ ಮಗಳು ಹಾಜರಿ ಕರೆದರೆ ಉತ್ತರ ಕೊಡಲೂ ದನಿ ಏಳದ ಹುಡುಗಿ. ಮೂರು ತಿಂಗಳ ಹಿಂದೆ ಅವಳ ಕೊರಳಿಗೆ ದೊಡ್ಡ ಡ್ರಮ್ ನೇತುಹಾಕಿದರು. ಅಂದಿನಿಂದ ಶನಿವಾರ ನಾವು ಎಬ್ಬಿಸುವ ಮೊದಲೇ ಅವಳು ಎದ್ದಿರುತ್ತಾಳೆ. ಆ ಡ್ರಮ್ ಹೋದರೆ ಹುಡುಗಿ ಮತ್ತೆ ಮೂಲೆ ಸೇರುತ್ತಾಳೆಂಬ ಹೆದರಿಕೆ ನನಗೆ.

ಮೇಡಂ ನಮ್ಮ ಸಂಗೀತಜ್ಞಾನ ವಿಚಾರಿಸಿದರು.

"ನಾನು ಫ್ಯಾನಿನ ಅಡಿ ಉಂಟಲ್ಲ ಅಂತ ಕೂತದ್ದು ಮಾರಾಯ್ರೆ" ಎಂದು ಹೋಟೆಲಿನವರು ನನ್ನ ಕಿವಿಯಲ್ಲಿ ಹೇಳಿದರು.

"ನನ್ನ ಕಾಲು ನೋಯಾಕತ್ತಿದ್ವು, ಅದಕ್ಕ ಕುಂತೀನ್ರಿ" ಎಂದರು ನರ್ಸ್ ಅಕ್ಕ.

ಅಷ್ಟರಲ್ಲಿ ನಮ್ಮ ಹೆಸರು ಪುಸ್ತಕಕ್ಕೆ ಏರಿತ್ತು. ಏನಾದರೂ ಹೇಳೋಣವೆಂದು ನಾನು ಎದ್ದು ನಿಂತ ಕೂಡಲೇ ಗೋಡೆಗೆ ಒರಗಿದ್ದ ಒಬ್ಬರು ಹಾರಿ ಬಂದು ನನ್ನ ಸೀಟು ಹಿಡಿದರು. ಮೇಡಂ ಅವರ ಹೆಸರನ್ನೂ ಬರೆದುಕೊಂಡರು. ವಿಚಾರಿಸಿದರೆ ಅವರು ಪಾಲಕರೇ ಅಲ್ಲ, ಫ್ಯಾನ್ ರಿಪೇರಿಗೆ ಬಂದವರು.

ಡ್ರಮ್ಮಿಗೊಂದು ಜಾಗ

ದೊಡ್ಡ ಡ್ರಮ್ಮಿನ ಚರ್ಮ ಹರಿಯಿತು. ರಿಪೇರಿ ಮಾಡುವವರು ಇದ್ದದ್ದು ಅಂಬರನಾಥದಲ್ಲಿ. ರಿಪೇರಿಯಾದದ್ದನ್ನು ಆಫೀಸಿಗೆ ಮುಂಚೆ ತಂದು ಶಾಲೆಗೆ ಮುಟ್ಟಿಸಿದರಾಯಿತೆಂದು ಬೆಳಿಗ್ಗೆ ನಾನೇ ಹೋದೆ. ವಾಪಸ್ ಬರುವಾಗ ಲಗೇಜ್ ಡಬ್ಬಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಡ್ರಮ್ಮನ್ನು ಹೊಟ್ಟೆಗೆ ಕಟ್ಟಿಕೊಂಡು ಪಕ್ಕದ ಡಬ್ಬಿಗೆ ಹತ್ತಿದೆ.

ಒಳಗೆ ಭಜನೆ ಮಂಡಳಿಯವರು ಕೂತಿದ್ದರು. ದಿನಾ ಅದೇ ಗಾಡಿ, ಅದೇ ಡಬ್ಬಿ, ತಾಳ ಹಾಕಿಕೊಂಡು ಹಾಡುತ್ತ ಆಫೀಸಿಗೆ ಹೋಗುವ ಜನ. ಅವತ್ತು ಅವರ ಢೋಲಕ್ಕಿನವನು ರಜೆ. ನನ್ನನ್ನು ಕಂಡದ್ದೇ ಮುಖಂಡರು ಕಣ್ಣು ಮುಚ್ಚಿ ಕೈ ಮುಗಿದರು. ವಿಠ್ಠಲನೇ ಕಳಿಸಿದ್ದಾನೆ ಅಂದರು. ಇಬ್ಬರು ಎದ್ದು ನನಗೂ ಡ್ರಮ್ಮಿಗೂ ಜಾಗ ಮಾಡಿಕೊಟ್ಟರು. ಅಂಬರನಾಥದಿಂದ ಬರುವ ಗಾಡಿಯಲ್ಲಿ ಆ ಹೊತ್ತಿಗೆ ಸೀಟು ಸಿಕ್ಕಿದ ಮೇಲೆ ನನಗೆ ಬಾರಿಸಲು ಬರುವುದಿಲ್ಲ ಅನ್ನಲು ನಾಲಿಗೆ ಹೊರಳದೆ ಬಾರಿಸತೊಡಗಿದೆ.

ಡೊಂಬಿವಲಿ ಬಂತು. ಏಳಲು ಹೊರಟೆ. ಅಭಂಗ ಅರ್ಧಕ್ಕೆ ಬಿಡಬಾರದೆಂದು ಮುಖಂಡರು ಕಣ್ಣಿನಲ್ಲೇ ಗದರಿಸಿದರು. ಬಿಟ್ಟಿದ್ದರೂ ಇಳಿಯುವುದು ಸಾಧ್ಯವಿರಲಿಲ್ಲ, ಏಕೆಂದರೆ ಇಡೀ ಡೊಂಬಿವಲಿ ಒಳಗೆ ಬರುತ್ತಿತ್ತು. ಮುಂಬ್ರಾದ ಗುಡ್ಡ ದಾಟುವಾಗ ನನ್ನ ಕೈ ತಾಳಕ್ಕೆ ಸ್ವಲ್ಪ ಹತ್ತಿರ ಬಂದಿತ್ತು. ಠಾಣೆಯಲ್ಲಿ ಬಿಟ್ಟರು. ಹಾಗೇ ಹೊಟ್ಟೆಗೆ ಡ್ರಮ್ ಕಟ್ಟಿಕೊಂಡು ಆಫೀಸಿಗೆ ಹೋದೆ. ಸಾಹೇಬರು ಮೇಲಿಂದ ಕೆಳಗೆ ನೋಡಿ, ಯಾರ ರಿಟೈರ್‌ಮೆಂಟ್, ನನಗೇಕೆ ಹೇಳಲಿಲ್ಲ ಅಂದರು.

ಆ ಸೀಟಿನ ರುಚಿ ಹತ್ತಿತ್ತು. ಮರುದಿನ ಅದೇ ಗಾಡಿಗೆ ಡೊಂಬಿವಲಿಯಲ್ಲಿ ಹತ್ತಿದೆ. ಕರ್ಚೀಫ್ ಹಾಕಿ ಒಂದು ಸೀಟು ಹಿಡಿದಿಟ್ಟಿದ್ದರು. ನಾನು ಕೂರಲು ಬಗ್ಗಿದೆ. ಮುಖಂಡರು ನನ್ನ ಖಾಲಿ ಹೊಟ್ಟೆ ನೋಡಿದರು. "ಅದು ಡ್ರಮ್ಮಿಗೆ ಇಟ್ಟದ್ದು, ನಿಮಗಲ್ಲ" ಅಂದರು.

ನೀರು ಮೊದಲು

ಯೂನಿಫಾರ್ಮ್ ಹೊಲಿಸುವ ಜವಾಬ್ದಾರಿಯನ್ನು ಹೋಟೆಲಿನವರು ವಹಿಸಿಕೊಂಡರು. ಅವರಿಗೆ ಗೊತ್ತಿದ್ದ ದರ್ಜಿ ಒಬ್ಬರೇ, ಅವರ ವೇಟರುಗಳ ದರ್ಜಿ. ಆ ಮನುಷ್ಯ ಅಳತೆ ಮಕ್ಕಳದ್ದೇ ತೆಗೆದುಕೊಂಡ, ಕೈ ಮಾತ್ರ ಹಳೆಯ ದಾರಿಯಲ್ಲೇ ಓಡಿತು. ಬಿಳಿ ಕೋಟು, ಕೆಂಪು ಪಟ್ಟಿ, ಎದೆಯ ಮೇಲೆ ಪೆನ್ನಿಗೊಂದು ಆರ್ಡರ್ ಪುಸ್ತಕಕ್ಕೊಂದು ಜೇಬು. ನಮಗೆ ಯಾರಿಗೂ ಸಂಶಯ ಬರಲಿಲ್ಲ. ಬಹಳ ಚೆಂದ ಕಾಣುತ್ತಾರೆ ಅಂತ ಫೋಟೊ ತೆಗೆದುಕೊಂಡೆವು.

ಸ್ಪರ್ಧೆಗೆ ಮುನ್ನ ಒಂದು ಅಭ್ಯಾಸವಿರಲೆಂದು ಠಾಣೆಯ ವರ್ತಕ ನಗರದಲ್ಲಿ ಒಂದು ಸೊಸೈಟಿಯ ಸಮಾರಂಭಕ್ಕೆ ಹೋದೆವು. ಮಕ್ಕಳು ಸಾಲಾಗಿ ನಿಂತಿದ್ದರು. ಮುಖ್ಯ ಅತಿಥಿಗಳು ಬಂದು ಕೂತವರೇ, ಕಹಳೆ ಹಿಡಿದ ಹುಡುಗಿಗೆ ಬೆರಳು ತೋರಿಸಿ, ಎರಡು ಚಹಾ, ಒಂದು ಸಕ್ಕರೆ ಇಲ್ಲದ್ದು ಅಂದರು. ದೊಡ್ಡವರ ಮಾತು ಮೀರಬಾರದೆಂದು ಶಾಲೆಯಲ್ಲಿ ಕಲಿಸಿದ್ದರು. ಹುಡುಗಿ ಕಹಳೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗಿ ಎರಡು ಚಹಾ ತಂದು ಕೊಟ್ಟಳು.

ನನಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಹೋಟೆಲಿನವರು ಮಾತ್ರ ಕೆಂಪಗಾಗಿದ್ದರು. ನಮ್ಮ ಮಕ್ಕಳಿಗೆ ಆದ ಅವಮಾನ ಇವರಿಗೂ ಚುಚ್ಚಿತಲ್ಲ ಅಂತ ನನಗೆ ಅವರ ಮೇಲೆ ಪ್ರೀತಿ ಉಕ್ಕಿತು. ಅವರು ಸಿಟ್ಟಿನಿಂದ ಹುಡುಗಿಯ ಹತ್ತಿರ ಹೋಗಿ ಮೆಲ್ಲಗೆ ಹೇಳಿದರು: "ಎಂತ ಮಗಾ, ಗಿರಾಕಿ ಕೂತ ಕೂಡಲೇ ಮೊದಲು ನೀರು ಇಡ್ಬೇಕಲ್ಲ?"

ಕರ್ಜತ್ ಫಾಸ್ಟ್

ನಮ್ಮ ಶಾಲೆಯ ಮೈದಾನ ರೈಲು ಹಳಿಗೆ ಅಂಟಿಕೊಂಡಿದೆ. ಗಾಡಿ ಹೋಗುವಾಗ ಬಾರಿಸಿದರೂ ಕೇಳುವುದಿಲ್ಲವೆಂದು ಬ್ಯಾಂಡ್ ಮಾಸ್ತರರು ಒಂದು ನಿಯಮ ಮಾಡಿದ್ದರು. ಗಾಡಿ ಬಂದರೆ ಎಲ್ಲರೂ ಇದ್ದಲ್ಲೇ ನಿಲ್ಲಬೇಕು, ಕೋಲು ಮೇಲೆ, ಕಹಳೆ ತುಟಿಯಲ್ಲಿ. ಕೊನೆಯ ಡಬ್ಬಿ ದಾಟಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸಬೇಕು. ಪ್ರತಿ ಶನಿವಾರ ಎಂಟು ಹತ್ತಕ್ಕೆ ಅಭ್ಯಾಸ ಶುರು. ಹಾಡಿನ ಮೂರನೆಯ ಸಾಲಿಗೆ ಬರುವಾಗ ಸರಿಯಾಗಿ ಎಂಟು ಹದಿನಾಲ್ಕರ ಕರ್ಜತ್ ಫಾಸ್ಟ್ ಬರುತ್ತಿತ್ತು, ಅದು ದಾಟಲು ಇಪ್ಪತ್ತು ಸೆಕೆಂಡ್. ತಿಂಗಳುಗಟ್ಟಲೆ ಹೀಗೇ ನಡೆಯಿತು. ಗಾಡಿಯ ಸದ್ದಿನಲ್ಲೇ ಉಣ್ಣುವ, ಮಲಗುವ ನಮಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ವಾಶಿಯ ಮೈದಾನ ಹಳಿಯಿಂದ ಬಹಳ ದೂರ. ನಮ್ಮ ಮಕ್ಕಳು ಚೆನ್ನಾಗಿಯೇ ಶುರು ಮಾಡಿದರು. ಒಂದನೆಯ ಸಾಲು ಮುಗಿಯಿತು, ಎರಡನೆಯದು ಮುಗಿಯಿತು. ಮೂರನೆಯ ಸಾಲಿನ ನಡುವೆ ಇಡೀ ಬ್ಯಾಂಡ್ ನಿಂತುಬಿಟ್ಟಿತು. ಮಗಳ ಕೋಲು ಗಾಳಿಯಲ್ಲಿ. ಮುಗಿಯಿತು, ಹುಡುಗಿಯ ಡ್ರಮ್ ಹೋಯಿತು ಅಂದುಕೊಂಡೆ.

ಹೋಟೆಲಿನವರು ನನ್ನ ಕೈ ಹಿಡಿದರು. "ಎಂತ ಆಯ್ತು ಮಾರಾಯ್ರೆ?"

"ಗಾಡಿ ಹೋಗ್ತಾ ಉಂಟು" ಅಂದೆ.

"ಎಲ್ಲಿ?"

"ಡೊಂಬಿವಲಿಯಲ್ಲಿ."

ನರ್ಸ್ ಅಕ್ಕ ನಾಡಿ ನೋಡುವವರ ಹಾಗೆ ಗಡಿಯಾರ ಹಿಡಿದು ಎಣಿಸುತ್ತಿದ್ದರು. "ಹದಿನೆಂಟು, ಹತ್ತೊಂಬತ್ತು, ಈಗ ಕಡೀ ಡಬ್ಬಿ ಬಂತ್ ನೋಡ್ರಿ."

ಇಪ್ಪತ್ತಕ್ಕೆ ಮಗಳ ಕೋಲು ಇಳಿಯಿತು. ಮೂವತ್ತು ಮಕ್ಕಳು ಒಂದೇ ಏಟಿಗೆ ಎದ್ದರು. ತೀರ್ಪುಗಾರರು ಎದ್ದು ನಿಂತಿದ್ದರು. ಅವರಲ್ಲೊಬ್ಬರು ನಿವೃತ್ತ ಸೈನಿಕರು, ಕಣ್ಣು ಒರೆಸಿಕೊಳ್ಳುತ್ತಿದ್ದರು. ಹುತಾತ್ಮರಿಗಾಗಿ ಇಂಥ ಮೌನವನ್ನು ಯಾವ ಬ್ಯಾಂಡೂ ಆಚರಿಸಿದ್ದಿಲ್ಲವಂತೆ. ಮೊದಲ ಬಹುಮಾನ ನಮಗೇ ಬಂತು. ನಾನು ನಾಚಿಕೆ ಬಿಟ್ಟು ಅತ್ತೆ.

ಬ್ಯಾಂಡ್ ಉಳಿಯಿತು. ಹೆಡ್‌ಮೇಡಂ ಖುಷಿಯಿಂದ ಅದಕ್ಕೆ ಮೂರನೆಯ ಮಹಡಿಯ ಏಸಿ ಹಾಲ್ ಕೊಟ್ಟರು. ಗಾಜು ಹಾಕಿದರೆ ಅಲ್ಲಿ ಯಾವ ಸದ್ದೂ ಬರುವುದಿಲ್ಲ. ಹೊಸದಾಗಿ ಸೇರಿದ ಮಕ್ಕಳು ಎಷ್ಟು ಹೊತ್ತು ನಿಲ್ಲಬೇಕೆಂದು ತಿಳಿಯದೆ ಒಬ್ಬ ಐದಕ್ಕೆ, ಇನ್ನೊಬ್ಬ ಮೂವತ್ತಕ್ಕೆ ಬಾರಿಸತೊಡಗಿದರು. ಮೇಡಮ್ಮಿಗೆ ಮಾತ್ರ ಆ ಮೌನ ಬೇಕೇ ಬೇಕು. ಸಮಿತಿ ಸೇರಿತು. ಹೋಟೆಲಿನವರಿಗೆ ಮಂಡಿನೋವು, ನರ್ಸ್ ಅಕ್ಕನಿಗೆ ಡ್ಯೂಟಿ. ಹೀಗಾಗಿ ಈಗ ಶನಿವಾರ ಮೂರನೆಯ ಸಾಲು ಬಂದ ಕೂಡಲೇ ನಾನು ಒಂದು ಬಾಗಿಲಿನಿಂದ ಒಳಬಂದು, ಬಾಯಲ್ಲಿ ಧಡಧಡ ಅನ್ನುತ್ತ ಮಕ್ಕಳ ಮುಂದೆ ಇಪ್ಪತ್ತು ಸೆಕೆಂಡ್ ಓಡಿ, ಇನ್ನೊಂದು ಬಾಗಿಲಿನಿಂದ ಹೊರಗೆ ಹೋಗುತ್ತೇನೆ. ಶಾಲೆಯ ಬ್ಯಾಂಡಿನಲ್ಲಿ ನನ್ನ ಹುದ್ದೆ ಕರ್ಜತ್ ಫಾಸ್ಟ್.

ಹೋದ ಶನಿವಾರ ಮನೆಗೆ ಗ್ಯಾಸ್ ಸಿಲಿಂಡರ್ ಬಂತು, ಒಳಗೆ ಇಟ್ಟೇ ಹೋಗಿ ಅಂತ ಹೆಂಡತಿ ತಡೆದಳು, ತಡವಾಯಿತು. ಏದುಸಿರು ಬಿಡುತ್ತ ಬಾಗಿಲು ತೆರೆದೆ. ಮಕ್ಕಳೆಲ್ಲ ಇನ್ನೂ ಕೋಲೆತ್ತಿ ನಿಂತಿದ್ದರು. ಹಾಜರಿಗೂ ದನಿ ಏಳದ ನನ್ನ ಮಗಳು ಡ್ರಮ್ ಕೆಳಗಿಟ್ಟು ಮುಂದೆ ಬಂದು, ಮೂಗು ಹಿಡಿದುಕೊಂಡು, ಸ್ಟೇಷನ್ನಿನ ಮೈಕಿನ ಹೆಂಗಸಿನ ದನಿಯಲ್ಲಿ ಇಡೀ ಮಹಡಿಗೆ ಕೇಳುವಂತೆ ಸಾರುತ್ತಿದ್ದಳು:

"ಯಾತ್ರಿಗಣ್ ಕೃಪಯಾ ಧ್ಯಾನ್ ದೇಂ. ಕರ್ಜತ್‌ಗೆ ಹೋಗುವ ಫಾಸ್ಟ್ ಲೋಕಲ್ ಇಂದು ಅಮ್ಮನ ಕೆಲಸದ ಕಾರಣ ಹತ್ತು ನಿಮಿಷ ತಡವಾಗಿ ಬರುತ್ತಿದೆ."