ಸುಯೆಜ್ ಕಾಲುವೆಯೂ ಹೊನ್ನೂರಮ್ಮನ ಕಾಲುಪೇಟಿಯೂ

ಆ ಹಡಗು ಅಡ್ಡಡ್ಡ ಸಿಕ್ಕಿಕೊಂಡದ್ದು ಈಜಿಪ್ಟ್ ದೇಶದ ಸುಯೆಜ್ ಕಾಲುವೆಯಲ್ಲಿ. ಅದಕ್ಕೂ ಹೊಸಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ತಾಯಪ್ಪನಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇರಲಿಲ್ಲ. ಅವನೇ ತನ್ನ ಬಾಯಿಂದ ಹುಟ್ಟಿಸಿಕೊಂಡ.

ಗುರುವಾರ ಬೆಳಿಗ್ಗೆ ಅವನು ಪರಶುರಾಮನ ಚಾದಂಗಡಿಯಲ್ಲಿ ಒಗ್ಗರಣೆ ಮಿರ್ಚಿ ತಿನ್ನುತ್ತ ಟಿವಿ ನೋಡುತ್ತಿದ್ದ. ಊರಷ್ಟು ಉದ್ದದ ಹಡಗು, ಮೂಗು ಒಂದು ದಂಡೆಯ ಮರಳಲ್ಲಿ, ಬಾಲ ಇನ್ನೊಂದು ದಂಡೆಯಲ್ಲಿ. ಅದೇ ಹೊತ್ತಿಗೆ ನಾಟಕ ಸಂಘದ ಸೆಕ್ರೆಟರಿ ಮರುಳಸಿದ್ದಪ್ಪ ಒಳಗೆ ಬಂದು, ಹೊನ್ನೂರಮ್ಮನ ಕಾಲುಪೇಟಿಯ, ಅಂದರೆ ಕಾಲಲ್ಲಿ ತಿದಿ ಒತ್ತಿ ನುಡಿಸುವ ಹಾರ್ಮೋನಿಯಂನ, ರಿಪೇರಿ ಎಲ್ಲಿಗೆ ಬಂತು ಎಂದು ಹನ್ನೊಂದನೇ ಸಲ ಕೇಳಿದ. ತಾಯಪ್ಪನ ಬಾಯಲ್ಲಿ ಮಿರ್ಚಿ, ಕಣ್ಣಲ್ಲಿ ಹಡಗು. ಎರಡನ್ನೂ ಕೂಡಿಸಿ ಒಂದು ಮಾತು ಹೊರಗೆ ಬಂತು.

"ರೀಡು ಹಾಳಾಗ್ಯಾವ್ರಿ ಸಾಹೇಬ್ರ. ಜರ್ಮನಿಯಿಂದ ತರಿಸೇನಿ. ನೋಡ್ರಿ, ಆ ಹಡಗಿನ್ಯಾಗ ಅದಾವು."

ಪೇಟಿಯೊಳಗೆ ಗಾಳಿಗೆ ನಡುಗಿ ಸ್ವರ ಹುಟ್ಟಿಸುವ ಹಿತ್ತಾಳೆ ಪಟ್ಟಿಗೆ ರೀಡು ಅನ್ನುತ್ತಾರೆ. ಹಳೇ ಜರ್ಮನಿ ರೀಡು ಅಂದರೆ ನಾಟಕದ ಮಂದಿ ಎದ್ದು ನಿಂತು ಕೈ ಮುಗಿಯುತ್ತಾರೆ. ಮರುಳಸಿದ್ದಪ್ಪ ಟಿವಿಯನ್ನೂ ತಾಯಪ್ಪನನ್ನೂ ನೋಡಿದ. ನಮ್ಮೂರಿನ ಪೇಟಿ ಜಗತ್ತಿನ ಸುದ್ದಿಯೊಳಗೆ ಸೇರಿತಲ್ಲ ಅನ್ನುವ ಹೆಮ್ಮೆ ಅವನ ಮುಖದಲ್ಲಿ ಕಾಣಿಸಿತು.

ನಿಜ ಏನಪ್ಪಾ ಅಂದರೆ, ದೀಪಾವಳಿಗೆ ಬಂದ ಆ ಕಾಲುಪೇಟಿಯ ಮುಚ್ಚಳವನ್ನು ತಾಯಪ್ಪ ಇನ್ನೂ ತೆಗೆದೇ ಇರಲಿಲ್ಲ. ಅವನ ಕೈಯಲ್ಲಿ ಕಲೆ ಇತ್ತು, ಸುಳ್ಳಲ್ಲ. ಒಮ್ಮೆ ಕೂತನೆಂದರೆ ಸತ್ತ ಪೇಟಿಯನ್ನೂ ಹಾಡಿಸುತ್ತಿದ್ದ. ಕೂರುವುದೇ ತೊಂದರೆ. ಯಾರ ಪೇಟಿ ಬಂದರೂ ನಾಳೆ ಅನ್ನುತ್ತಿದ್ದ, ಆ ನಾಳೆ ಬರುವಷ್ಟರಲ್ಲಿ ಕೆಲವು ಗಿರಾಕಿಗಳು ಹಾಡುವುದನ್ನೇ ಬಿಟ್ಟಿದ್ದರು.

ಆದರೆ ಇದು ಹೊನ್ನೂರಮ್ಮನ ಪೇಟಿ. ಮರಿಯಮ್ಮನಹಳ್ಳಿಯ ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ರಾಣಿ ಪಾರ್ಟು ಕಟ್ಟಿದ ಹೆಂಗಸು. ಆಕೆಯ ಹಾಡು ಕೇಳಲಿಕ್ಕೆ ಕಂಪ್ಲಿಯಿಂದ ಸಂಡೂರಿನವರೆಗೆ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಈಗ ಎಪ್ಪತ್ತರ ಹತ್ತಿರ, ಹೊಸಪೇಟೆಯಲ್ಲೇ ನೆಲೆ. ಸಂಘದವರು ಸನ್ಮಾನ ಇಟ್ಟುಕೊಂಡು ಹಾಡಬೇಕೆಂದು ಬೇಡಿದರೆ, ನನ್ನ ಪೇಟಿ ಇಲ್ಲದೆ ಬಾಯಿ ತೆಗೆಯುವುದಿಲ್ಲ ಅಂದುಬಿಟ್ಟಿದ್ದಳು. ತಾಯಪ್ಪನ ಅಂಗಡಿ ಇದ್ದದ್ದು ಸಂಘದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಬಾಡಿಗೆ ಇಲ್ಲದೆ, ಸಂಘದ ವಾದ್ಯ ನೋಡಿಕೊಳ್ಳುತ್ತಾನೆ ಅನ್ನುವ ಒಂದೇ ಮಾತಿನ ಮೇಲೆ. ಆ ಗೂಡು ಹೋದರೆ ಅವನಿಗೆ ಕೂರಲು ಬೇರೆ ಜಾಗ ಇರಲಿಲ್ಲ.

ವಿಚಿತ್ರ ಅಂದರೆ ಹೊನ್ನೂರಮ್ಮ ಒಂದು ದಿನವೂ ಬೈದವಳಲ್ಲ. ಫೋನ್ ಮಾಡಿದಾಗಲೆಲ್ಲ ಬೆಣ್ಣೆಯಂಥ ದನಿಯಲ್ಲಿ, "ಅವಸರ ಇಲ್ಲಪ್ಪ ತಾಯಪ್ಪ. ನಿಧಾನ ಮಾಡು, ಛಲೋ ಮಾಡು," ಅನ್ನುತ್ತಿದ್ದಳು. ತಾಯಪ್ಪನಿಗೆ ಬೆವರು ಬರುತ್ತಿತ್ತು. ಸ್ಟೇಜಿನ ಮೇಲೆ ಆಕೆ ಜನರ ತಲೆ ತೆಗೆಸುತ್ತಿದ್ದದ್ದೂ ಇದೇ ದನಿಯಲ್ಲಿ.

ಹಡಗಿನ ಸುಳ್ಳು ಶುರುವಿಗೆ ಮಸ್ತಾಗಿ ಓಡಿತು. ಎಷ್ಟು ಅಂದರೆ, ಶನಿವಾರದ ಹೊತ್ತಿಗೆ ಬೀದಿಯ ಎಲ್ಲರ ಸಾಮಾನೂ ಅದೇ ಹಡಗು ಹತ್ತಿತ್ತು. ದರ್ಜಿ ಹೆಂಗಸರಿಗೆ ಬ್ಲೌಸಿನ ಹುಕ್ಕು ಅದರಲ್ಲಿದೆ ಅಂದ. ನಲ್ಲಿ ಕಂಟ್ರಾಕ್ಟರ್ ಎರಡು ವರ್ಷದಿಂದ ಬಾರದ ಪೈಪುಗಳನ್ನು ಅದಕ್ಕೇ ಏರಿಸಿದ. ಪರಶುರಾಮನಂತೂ ಚಾ ತೆಳ್ಳಗಾದದ್ದಕ್ಕೂ ಸುಯೆಜ್ ಕಡೆಗೆ ಕೈ ತೋರಿಸಿದ.

ಹಡಗನ್ನು ಹೇಗೆ ಬಿಡಿಸಬೇಕು ಅನ್ನುವುದು ಈಜಿಪ್ಟಿನವರಿಗೆ ತಿಳಿಯದಿದ್ದರೂ ನಮ್ಮ ಬೀದಿಗೆ ತಿಳಿದಿತ್ತು. ಭರಮಣ್ಣ ಇಪ್ಪತ್ತು ವರ್ಷ ಸಂಡೂರಿನ ಗುಡ್ಡದಿಂದ ಅದಿರು ಲಾರಿ ಓಡಿಸಿದವನು. ಮೈಲಿಗಟ್ಟಲೆ ಜಾಮಿನಲ್ಲಿ ಅಡುಗೆ ಮಾಡಿಕೊಂಡು ಉಂಡವನು. ಟಿವಿಯ ಮುಂದೆ ಕುರ್ಚಿ ಎಳೆದುಕೊಂಡು, ಮೊದ್ಲು ಲೋಡ್ ಇಳಿಸಬೇಕು, ಆಮ್ಯಾಲೆ ರಿವರ್ಸ್ ಹೊಡೀಬೇಕು, ಇಷ್ಟು ತಿಳಿವಲ್ದಲ್ಲ ಈ ಮಕ್ಕಳಿಗೆ ಎಂದು ಹಡಗಿನ ಕ್ಯಾಪ್ಟನನ್ನು ದಿನವೂ ಬೈಯುತ್ತಿದ್ದ. ವಡ್ಡು ಊರಿನ ಕಡೆ ಹಿಟಾಚಿ ಅನ್ನುವ ಮಣ್ಣು ತೋಡುವ ದೊಡ್ಡ ಯಂತ್ರ ಓಡಿಸುವವನೊಬ್ಬ, ಹಡಗಿನ ಮೂಗಿನ ಕೆಳಗೆ ಮರಳು ಕೆರೆಯುತ್ತಿದ್ದ ಪುಟ್ಟ ಯಂತ್ರವನ್ನು ನೋಡಿ, ತನ್ನ ಕುಲಕ್ಕೇ ಅವಮಾನ ಆಯಿತು ಅನ್ನುವಂತೆ ಎದ್ದು ಹೋದ. ಹೊನ್ನೂರಮ್ಮ ಕೂಡ ಹಡಗಿನ ಹೆಸರಲ್ಲಿ ದಿನಾ ಸಂಜೆ ತುಪ್ಪದ ದೀಪ ಹಚ್ಚುತ್ತಾಳೆ ಎಂದು ಮರುಳಸಿದ್ದಪ್ಪ ಎಲ್ಲರಿಗೂ ಹೇಳಿದ. ತಾಯಪ್ಪನಿಗೆ ಆ ರಾತ್ರಿ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಟಿವಿಯಲ್ಲಿ ಹಡಗಿನ ಬಾಲ ಅಲ್ಲಾಡಿತು.

ಚಾದಂಗಡಿಯಲ್ಲಿ ಹಬ್ಬ ಆಯಿತು. ತಾಯಪ್ಪನೊಬ್ಬನೇ ಮತ್ತೆ ಸಿಕ್ಕಿಕೊಳ್ಳುವ ಸಂಭವ ಇದೆಯೇ ಎಂದು ಭರಮಣ್ಣನನ್ನು ಕೇಳಿದ. ಬಾಲ ಬಿಟ್ಟರೆ ತಲೆ ಬಿಟ್ಟ ಹಾಗೆ, ಹೆದರಬೇಡ ತಮ್ಮ ಎಂದು ಭರಮಣ್ಣ ಬೆನ್ನು ಚಪ್ಪರಿಸಿದ. ಮರುಳಸಿದ್ದಪ್ಪ ಒಂದು ತೆಂಗಿನಕಾಯಿ ತರಿಸಿ, ಹಡಗು ಪೂರ್ತಿ ಬಿಡುಗಡೆ ಆಗಲೆಂದು ತಾಯಪ್ಪನ ಕೈಯಿಂದಲೇ ಟಿವಿಗೆ ನಿವಾಳಿಸಿ ಒಡೆಸಿದ. ತಾಯಪ್ಪ ಕಣ್ಣು ಮುಚ್ಚಿ ಕೈ ಮುಗಿದು, ದೇವರೇ ಇನ್ನೊಂದು ತಿಂಗಳು ಅದು ಅಲ್ಲೇ ಇರಲಿ ಎಂದು ಮನಸಿನಲ್ಲೇ ಬೇಡಿಕೊಂಡ.

ಅಷ್ಟರಲ್ಲಿ ಕಾಲೇಜಿನಲ್ಲಿ ಭೂಗೋಳ ಪಾಠ ಹೇಳುವ ಗಂಗೋತ್ರಿ ಮೇಡಂ ಹಾಲಿನ ಪಾಕೀಟಿಗೆ ಬಂದವರು ಗದ್ದಲ ಕೇಳಿ ನಿಂತರು. ವಿಷಯ ತಿಳಿದು, "ಆ ಹಡಗು ಚೀನಾದಿಂದ ಯೂರೋಪಿಗೆ ಹೊಂಟದ್ದಲ್ರಿ? ಜರ್ಮನಿ ಸಾಮಾನು ಅದರಾಗ ಹೆಂಗ ಬರತೈತಿ?" ಅಂದರು.

ಅಂಗಡಿಯಲ್ಲಿದ್ದ ಎಲ್ಲರ ಕಣ್ಣೂ ತಾಯಪ್ಪನ ಮೇಲೆ ಬಿತ್ತು. ಅವನನ್ನು ಕಾಪಾಡಿದವನು ಭರಮಣ್ಣ. ಜಾಮ್ ಅಂದರೇನು ಅಂತ ಓದಿದವರಿಗೆ ಏನು ಗೊತ್ತು, ಒಂದು ಲಾರಿ ಅಡ್ಡ ನಿಂತರೆ ಬರುವವೂ ನಿಲ್ಲುತ್ತವೆ, ಹೋಗುವವೂ ನಿಲ್ಲುತ್ತವೆ, ಇವನ ರೀಡು ಆಚೆ ಕಡೆ ಸಾಲಿನಲ್ಲಿ ನಿಂತ ಹಡಗಿನಲ್ಲಿವೆ ಎಂದು ಚಾ ಲೋಟಗಳನ್ನು ಹಡಗು ಮಾಡಿ ಟೇಬಲ್ಲಿನ ಮೇಲೆ ತೋರಿಸಿದ. ತಾಯಪ್ಪ ಹೌದು ಹೌದು ಎಂದು ತಲೆಯಾಡಿಸಿದ.

"ಹಂಗಾದ್ರ ಛಲೋ ಆತು," ಅಂದರು ಗಂಗೋತ್ರಿ. "ಪಾರ್ಸಲ್ ನಂಬರ್ ಕೊಡ್ರಿ. ಯಾವ ಹಡಗು, ಎಲ್ಲೈತಿ, ಎಂದು ಬರತೈತಿ, ಎಲ್ಲಾ ಫೋನಿನ್ಯಾಗ ತೋರಸತೈತಿ."

ಒಳ್ಳೆಯ ಮನಸಿನವರಷ್ಟು ಅಪಾಯದ ಜನ ಲೋಕದಲ್ಲಿ ಬೇರೆ ಇಲ್ಲ. ನಂಬರು ಚೀಟಿ ಅಂಗಡಿಯಲ್ಲೆಲ್ಲೋ ಇದೆ, ಹುಡುಕಬೇಕು ಎಂದು ತಾಯಪ್ಪ ತೊದಲಿದ. ಮರುಳಸಿದ್ದಪ್ಪನ ಹುಬ್ಬು ಮೊದಲ ಸಲ ಗಂಟಾಯಿತು.

"ಸಂಜೀತನಕ ಹುಡುಕು. ನಂಬರ್ ಸಿಗಲಿಲ್ಲಂದ್ರ ಅಂಗಡಿ ಬೀಗದಕೈ ನನ್ನ ಕೈಯಾಗ ಇಡು."

ತಾಯಪ್ಪ ಅಂಗಡಿಗೆ ಓಡಿದವನೇ ಬಾಗಿಲು ಮುಂದೆ ಮಾಡಿ, ಮೇಲೆ ಪೇರಿಸಿದ್ದ ಡಗ್ಗಾ, ತಾಳ, ಹಳೇ ಕ್ಯಾಲೆಂಡರು ಎಲ್ಲ ಇಳಿಸಿ, ಐದು ತಿಂಗಳಾದ ಮೇಲೆ ಕಾಲುಪೇಟಿಯ ಮುಚ್ಚಳ ತೆಗೆದ. ನಂಬರು ಇಲ್ಲದಿದ್ದರೇನು, ಪೇಟಿಯೇ ಸರಿಯಾದರೆ ನಂಬರು ಕೇಳುವವರು ಯಾರು? ಒಳಗೆ ನೋಡಿದರೆ ರೀಡುಗಳು ಅಸಲಿ ಜರ್ಮನಿಯವು, ಒಂದಕ್ಕೂ ಏನೂ ಆಗಿರಲಿಲ್ಲ. ಆರು ರೀಡುಗಳ ಸಂದಿಯಲ್ಲಿ ಮಾತ್ರ ಗಿಳಿಹಸಿರು ಬಟ್ಟೆಯ ಚೂರುಗಳನ್ನು ಯಾರೋ ನೀಟಾಗಿ ಮಡಚಿ ತುರುಕಿದ್ದರು. ಗಾಳಿ ಹೋಗದೆ ಸ್ವರ ಕಟ್ಟಿತ್ತು. ಯಾವುದೋ ಮನೆ ಮಕ್ಕಳ ಕಿತಾಪತಿ ಎಂದು ಅವುಗಳನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹತ್ತು ನಿಮಿಷದ ಕೆಲಸ. ಇದಕ್ಕೆ ಐದು ತಿಂಗಳು ಒಬ್ಬ ದೊಡ್ಡ ಕಲಾವಿದೆಯನ್ನು ಕಾಯಿಸಿದೆನಲ್ಲ ಎಂದು ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಆ ನಾಚಿಕೆಯಲ್ಲಿ ಅವನು ಹುಟ್ಟಿದಾಗಿನಿಂದ ಮಾಡದಂಥ ಕೆಲಸ ಮಾಡಿದ. ತಿದಿಗೆ ಹೊಸ ತೊಗಲು ಹಚ್ಚಿದ, ರೀಡು ಒಂದೊಂದೇ ಒರೆಸಿ ಸ್ವರ ಕೂಡಿಸಿದ, ಕಟ್ಟಿಗೆಗೆ ಪಾಲಿಶ್ ತಿಕ್ಕಿದ. ಮಧ್ಯಾಹ್ನ ಊಟದ ನೆನಪೂ ಆಗಲಿಲ್ಲ. ಸಂಜೆಗೆ ಒಂದು ತಳ್ಳುಬಂಡಿ ಕೇಳಿ ತಂದು, ಪೇಟಿಯನ್ನು ಹೇರಿಕೊಂಡು, ಆಯಮ್ಮನ ಕಾಲಿಗೆ ಬಿದ್ದು ತಪ್ಪಾಯಿತು ಅಂದುಬಿಡುತ್ತೇನೆ ಎಂದು ಹೊರಟ. ಬೆನ್ನು ನೋಯುತ್ತಿದ್ದರೂ ಎದೆ ಹಗುರಾಗಿತ್ತು.

ಹೊನ್ನೂರಮ್ಮನ ಓಣಿಯಲ್ಲಿ ಆಗಲೇ ಜಾತ್ರೆ. ಹಡಗು ಪೂರ್ತಿ ಬಿಡುಗಡೆ ಆದ ಸುದ್ದಿ ಬಂದು, ಮರುಳಸಿದ್ದಪ್ಪ, ಭರಮಣ್ಣ, ಗಂಗೋತ್ರಿ, ಪರಶುರಾಮ ಎಲ್ಲರೂ ಪೇಡೆ ಹಿಡಿದುಕೊಂಡು ಸನ್ಮಾನದ ತಾರೀಖು ಗೊತ್ತು ಮಾಡಲಿಕ್ಕೆ ಆಕೆಯ ಮನೆಗೇ ಬಂದು ಕೂತಿದ್ದರು. ಹೊಳೆಯುವ ಪೇಟಿ ಬಾಗಿಲಿಗೆ ಬಂದದ್ದು ನೋಡಿ ಮರುಳಸಿದ್ದಪ್ಪ ಕೂಗಿಯೇಬಿಟ್ಟ. ರೀಡು ಹೇಗೆ ಬಂದವು ಎಂದು ಕೇಳಿದ್ದಕ್ಕೆ, ಇಷ್ಟು ಮಂದಿಯ ಎದುರು ಕಾಲಿಗೆ ಬೀಳುವ ಧೈರ್ಯ ಸಾಲದೆ, ಮುಂಬೈಯಲ್ಲಿ ಒಬ್ಬರ ಹತ್ತಿರ ಜರ್ಮನಿ ರೀಡು ಸಿಕ್ಕವು, ಬಸ್ಸಿಗೆ ಹಾಕಿ ಕಳಿಸಿದರು ಎಂದು ತಾಯಪ್ಪ ಇನ್ನೊಂದು ಬಿಟ್ಟ. ಹೊನ್ನೂರಮ್ಮನ ಮುಖ ಸುಣ್ಣದಂತೆ ಬಿಳಚಿತು. ಸಂತೋಷಕ್ಕೆ ಹಾಗಾಗಿದೆ ಎಂದುಕೊಂಡ ತಾಯಪ್ಪ.

ಎಲ್ಲರೂ ಸೇರಿ ಆಕೆಯನ್ನು ಪೇಟಿಯ ಮುಂದೆ ಕೂರಿಸಿದರು. ಆಕೆ ಕಾಲು ಒತ್ತಿ ಬೆರಳಿಟ್ಟಳು. ಸ್ವರ ತುಂಬಿಕೊಂಡು ಹೊರಗೆ ಬಂತು, ಮನೆಯ ಮೂಲೆ ಮೂಲೆಗೂ ಹೋಯಿತು. ತನ್ನ ಕೈಯ ಕೆಲಸ ಇಷ್ಟು ಚಂದ ಇರುತ್ತದೆ ಎಂದು ತಾಯಪ್ಪನಿಗೇ ಮರೆತಿತ್ತು. ಅವನ ಕಣ್ಣಲ್ಲಿ ನೀರು ಬಂತು.

"ಒಂದ ನುಡಿ ಹಾಡ್ರೆಮ್ಮ," ಎಂದ ಮರುಳಸಿದ್ದಪ್ಪ ಕೈ ಮುಗಿದು.

ಹೊನ್ನೂರಮ್ಮ ಬೆರಳು ಎತ್ತಿದಳು. ಆಮೇಲೆ ಅದೇ ಬೆಣ್ಣೆಯ ದನಿಯಲ್ಲಿ ಅಂದಳು:

"ಇವು ಜರ್ಮನಿ ರೀಡ್ ಅಲ್ಲ. ಲೋಕಲ್. ಇದರ ಮ್ಯಾಲೆ ನಾ ಹಾಡಂಗಿಲ್ಲ."

ಮೊದಲು ಭರಮಣ್ಣ, ಶುರುವಿಗೇ ಅನಿಸಿತ್ತು, ಈ ಸ್ವರ ಒಡಕು ಹಾರ್ನಿನದು ಅಂತ ಎಂದ. ಪರಶುರಾಮ ಪೇಡೆಯ ಡಬ್ಬಿ ಮುಚ್ಚಿದ. ಗಂಗೋತ್ರಿ, ಅದಕ್ಕೇ ನಂಬರ್ ಕೊಡಲಿಲ್ಲ ಅಂದರು. ತಾಯಪ್ಪ ಬಾಯಿ ತೆಗೆದ. ಇವು ಪೇಟಿಯ ಮೊದಲಿನ ರೀಡುಗಳೇ ಅನ್ನಬೇಕು. ಹಾಗಂದರೆ ಹಡಗು ಯಾಕೆ, ಮುಂಬೈ ಬಸ್ಸು ಯಾಕೆ, ಐದು ತಿಂಗಳು ಯಾಕೆ? ತೆಗೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡ. ಮರುಳಸಿದ್ದಪ್ಪ ಕೈ ಚಾಚಿದ. ತಾಯಪ್ಪ ಬೀಗದಕೈ ತೆಗೆದು ಅದರಲ್ಲಿ ಇಟ್ಟ.

ಎಲ್ಲರೂ ಹೋದ ಮೇಲೆ ಅವನು ಹೊಸ್ತಿಲ ಹತ್ತಿರ ಕುಕ್ಕರಿಸಿ ಅತ್ತ. ಸುಳ್ಳು ಹೇಳಿದ್ದು ಖರೆ, ತಡ ಮಾಡಿದ್ದು ಖರೆ, ಆದರೆ ಇವತ್ತಿನ ಕೆಲಸದಲ್ಲಿ ಮೋಸ ಇಲ್ಲ ಎಂದು ಜೇಬಿನಿಂದ ಬಟ್ಟೆಚೂರುಗಳನ್ನು ತೆಗೆದು ಆಕೆಯ ಮುಂದೆ ಇಟ್ಟ. ಯಾರೋ ತುರುಕಿದ್ದ ಇವನ್ನು ಕಿತ್ತದ್ದಷ್ಟೇ ತಾನು, ನೀವೇ ನೋಡಿ ಎಂದ.

ಹೊನ್ನೂರಮ್ಮ ಬಾಗಿಲು ಹಾಕಿ ಬಂದು ಎದುರಿಗೆ ಕೂತಳು. ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡಳು.

"ನನ್ನ ಕುಪ್ಪಸದ್ದಪ್ಪ ಅದು. ನಾನ ತುರುಕಿದ್ದು."

ತಾಯಪ್ಪನ ಅಳು ಅರ್ಧಕ್ಕೇ ನಿಂತಿತು.

"ದನಿ ಹೋಗಿ ಎರಡು ವರ್ಷ ಆತು. ಮಾತಾಡಾಕ ಬರತೈತಿ, ಹಾಡಾಕ ಬರಂಗಿಲ್ಲ. ಊರೆಲ್ಲಾ ಹಾಡು ಹಾಡು ಅಂತೈತಿ. ಆ ಹೊನ್ನೂರಮ್ಮ ಸತ್ತಳು ಅಂತ ನನ್ನ ಬಾಯಿಲೆ ನಾ ಹೆಂಗ ಹೇಳಲಿ?" ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪೇಟಿ ಕೆಟ್ಟೈತಿ ಅಂದೆ. ಬಳ್ಳಾರಿಗೆ ಕೊಟ್ರ ವಾರದಾಗ ಮಾಡಿ ಕಳಿಸ್ತಾರ. ಅದಕ್ಕ ಕೊಟ್ಟ ಸಾಮಾನು ಎಂದೂ ವಾಪಸ್ ಕೊಡದಾಂವ ಯಾರು ಅಂತ ಊರೆಲ್ಲಾ ಕೇಳಿ ನಿನ್ನ ಹುಡುಕಿದೆ. ಆ ಹಡಗು ಅಲ್ಲೇ ಇರಲಿ ಅಂತ ದಿನಾ ತುಪ್ಪದ ದೀಪ ಹಚ್ಚಿದೆ. ಐದು ತಿಂಗಳು ಸುಮ್ನ ಇದ್ದೆಲ್ಲೋ ಪುಣ್ಯಾತ್ಮ. ಇನ್ನೊಂದಿಷ್ಟು ದಿನ ಸುಮ್ನ ಇರಾಕ ಏನಾಗಿತ್ತು ನಿನಗ?"

ಅಂಗಡಿ ಹೋಯಿತಲ್ಲಮ್ಮ, ಅವರಿಗೊಂದು ಮಾತು ಹೇಳಿ ಎಂದು ತಾಯಪ್ಪ ಬೇಡಿದ. ಹೇಳಿದರೆ ತಾನು ನಾಳೆ ಹಾಡಬೇಕಾಗುತ್ತದೆ ಅಂದಳು ಆಕೆ. ಹಾಗಾದರೆ ನಾನೇ ಹೇಳುತ್ತೇನೆ ಎಂದು ಅವನು ಎದ್ದ. ಹೇಳು, ಮುಂಬೈ ಬಸ್ಸಿನ ಪಾರ್ಸಲ್ ರಸೀತಿಯನ್ನೂ ತೋರಿಸು ಅಂದಳು. ಅವನು ಕೂತ.

"ಪೇಟಿ ಒಯ್ಯಿ," ಅಂದಳು ಹೊನ್ನೂರಮ್ಮ ಬಾಗಿಲು ತೆಗೆಯುತ್ತ. "ಜರ್ಮನಿ ರೀಡ್ ಬರೋತನಕ ನಿನ್ನ ಹತ್ರನ ಇರಲಿ. ಮತ್ತ, ದೇವರಾಣೆ ಮಾಡಿ ಹೇಳ್ತೀನಿ, ಮುಟ್ಟಬ್ಯಾಡ."

ಹೊತ್ತು ಮುಳುಗಿತ್ತು. ತಾಯಪ್ಪ ಬಂಡಿ ತಳ್ಳಿಕೊಂಡು ಓಣಿಗೆ ಬಂದ. ಅಂಗಡಿಯ ಕಡೆ ತಿರುಗಿಸಿದ, ಅಂಗಡಿ ಇಲ್ಲ ಅನ್ನುವುದು ನೆನಪಾಗಿ ಮನೆಯ ಕಡೆ ತಿರುಗಿಸಿದ, ಒಂದೇ ಕೋಣೆಯ ಮನೆಯಲ್ಲಿ ಇದನ್ನು ಎಲ್ಲಿಡುವುದು ಎಂದು ಅರ್ಧಕ್ಕೆ ನಿಂತ. ಅಷ್ಟರಲ್ಲಿ ಮುಂದಿನ ಗಾಲಿ ಗಟಾರಿಗೆ ಇಳಿಯಿತು. ಬಂಡಿ ಈ ಗೋಡೆಯಿಂದ ಆ ಗೋಡೆಗೆ ಅಡ್ಡಡ್ಡ ಸಿಕ್ಕಿತು. ಆ ಕಡೆ ಎರಡು ಆಟೋ, ಈ ಕಡೆ ಹಾಲಿನ ಗಾಡಿ, ಹಿಂದೆ ಐದಾರು ಬೈಕು, ಎಲ್ಲವೂ ಒಟ್ಟಿಗೆ ಹಾರ್ನ್ ಹೊಡೆದವು.

ಗುಂಪು ಸರಿಸಿಕೊಂಡು ಭರಮಣ್ಣ ಬಂದ. ಬಂಡಿಯ ಸುತ್ತ ಒಂದು ಸಲ ತಿರುಗಿ ನೋಡಿದ. ಲುಂಗಿ ಎತ್ತಿ ಕಟ್ಟಿದ. ಇಂಥದ್ದೊಂದು ಅವಕಾಶಕ್ಕೆ ಅವನು ಹಡಗು ಸಿಕ್ಕಿಕೊಂಡ ದಿನದಿಂದ ಕಾಯುತ್ತಿದ್ದ.

"ಗಾಬರಿ ಆಗಬ್ಯಾಡ ತಮ್ಮ. ಮೊದ್ಲು ಲೋಡ್ ಇಳಸೋಣು, ಆಮ್ಯಾಲೆ ರಿವರ್ಸ್. ಎಲ್ಲಿಗೆ ಒಯ್ಯೋದೈತಿ, ಅಷ್ಟು ಹೇಳು."

ತಾಯಪ್ಪ ಸುತ್ತ ನಿಂತವರ ಮುಖ ನೋಡಿದ, ಪೇಟಿಯನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನ ಬಾಯಿಗೆ ಒಂದು ಸುಳ್ಳೂ ಬರಲಿಲ್ಲ.