ಮೂಲದಂತೆಯೇ ಒಂದು ಮಡ್‌ಗಾರ್ಡ್

ಕರುಣಾಕರ: ನೀವು ಬರೆದು ಕೊಟ್ಟದ್ದು ಹೌದೋ ಅಲ್ವೋ, ಅಷ್ಟು ಹೇಳಿ ಮಾಸ್ಟ್ರೇ.

ವಿಷ್ಣುಮೂರ್ತಿ: ಬರೆದು ಕೊಟ್ಟದ್ದು ಹೌದು. ಆದರೆ ನೆಗ್ಗನ್ನೂ ಮಾಡಿಕೊಡಿ ಅಂತ ಎಲ್ಲಿ ಬರೆದಿದ್ದೇನೆ?

ಕರುಣಾಕರ: ನೆಗ್ಗು ಬೇಡ ಅಂತ ಎಲ್ಲಿ ಬರೆದಿದ್ದೀರಿ?

ಕಾಪು ಕಡಲತೀರದಲ್ಲಿ, ಕರುಣಾಕರನ ಫೈಬರ್ ದೋಣಿಗಳ ಶೆಡ್ಡಿನೊಳಗೆ ಈ ಮಾತು ಅರ್ಧ ಗಂಟೆಯಿಂದ ನಡೆದಿತ್ತು. ಎರಡು ಡ್ರಮ್ಮುಗಳ ಮೇಲೆ ಮೋರಿಸ್ ಮೈನರ್ ಕಾರಿನ ಎಡಗಡೆಯ ಹೊಸ ಮಡ್‌ಗಾರ್ಡು ಬಿಳಿಯಾಗಿ ಹೊಳೆಯುತ್ತ ಕುಳಿತಿತ್ತು. ಗೋಡೆಗೆ ಒರಗಿದ್ದದ್ದು ಅದರ ಹಳೆಯ ಕಬ್ಬಿಣದ ಮೂಲ, ಬುಡದಲ್ಲಿ ತುಕ್ಕು ತಿಂದು ಜರಡಿಯಾದದ್ದು. ಹಳೆಯದರ ಹೆಡ್‌ಲೈಟಿನ ಪಕ್ಕದಲ್ಲಿ ಮೊಣಕೈ ಇಡಬಹುದಾದಷ್ಟು ದೊಡ್ಡ ನೆಗ್ಗು ಇತ್ತು. ಹೊಸದರಲ್ಲೂ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ, ಅದೇ ಓರೆಯಲ್ಲಿ ಇತ್ತು.

ನಳಿನಾಕ್ಷಿ ಎರಡನ್ನೂ ನೋಡಿದಳು. ಅವಳಿಗೆ ಅಳು ಬರುವುದೊಂದು ಬಾಕಿ.

ಯಾಕೆಂದರೆ ಆ ನೆಗ್ಗು ಅವಳ ಹೆಸರಿನಲ್ಲಿತ್ತು. ೧೯೬೮ರಲ್ಲಿ, ಪರ್ಕಳದ ಮನೆಯಂಗಳದಲ್ಲಿ ಗಂಡ ವಿಷ್ಣುಮೂರ್ತಿ ಹೆಡ್‌ಮಾಸ್ಟರರ ಪಕ್ಕ ಕುಳಿತು ಕಾರು ಕಲಿಯುತ್ತಿದ್ದಾಗ, ಗಾಡಿ ಮೆಲ್ಲಗೆ ಹೋಗಿ ಬಾವಿಕಟ್ಟೆಯನ್ನು ಮುಟ್ಟಿತು. ಮುಟ್ಟಿದ್ದಷ್ಟೇ ಎಂದು ಅವಳು ಅಂದಿನಿಂದ ಹೇಳುತ್ತಲೇ ಇದ್ದಾಳೆ. ಇಳಿದು ನೋಡಿದರೆ ಇಷ್ಟು ದೊಡ್ಡ ಹೊಂಡ. ಉಡುಪಿಯ ಟಿಂಕರಿನವನು ಬಡಿದು ಸರಿಮಾಡುತ್ತೇನೆಂದರೂ ಹೆಡ್‌ಮಾಸ್ಟರರು ಒಪ್ಪಲಿಲ್ಲ, ಹೊಂಡದೊಳಗೆ ತಾವೇ ಬೂದು ಬಣ್ಣ ಬಳಿದು ಬಿಟ್ಟರು. ಪಾಠ ನೆನಪಿರಬೇಕು ಎಂದರು. ಹದಿನಾರು ವರ್ಷ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೆ ಆ ಬಾವಿಕಟ್ಟೆಯ ಕಥೆಯನ್ನೂ ಕೊಟ್ಟರು. ಸ್ಟಿಯರಿಂಗ್ ಕೇಳಿದಾಗೆಲ್ಲ ಒಂದೇ ಉತ್ತರ: ಆ ನೆಗ್ಗು ಕಾರಿನಿಂದ ಹೋದ ದಿನ ನಿನಗೆ ಸ್ಟಿಯರಿಂಗ್. ಮೋರಿಸ್ಸಿನ ಮಡ್‌ಗಾರ್ಡು ಇನ್ನು ಈ ದೇಶದಲ್ಲಿ ಸಿಗುವುದಿಲ್ಲ ಎನ್ನುವ ಧೈರ್ಯದಿಂದ ಕೊಟ್ಟ ಮಾತು ಅದು.

ಕಳೆದ ವರ್ಷ ಹಿರಿಯಡ್ಕದ ಪೇಟೆಯಲ್ಲಿ ಮಡ್‌ಗಾರ್ಡಿನ ಬುಡ ಕಳಚಿ ರಸ್ತೆಗೆ ಬಿದ್ದ ಮೇಲೆ ಹುಡುಕದೆ ಉಪಾಯವಿರಲಿಲ್ಲ. ಬೊಂಬಾಯಿಯ ಒಂದು ಅಂಗಡಿಯವರು ಫೈಬರಿನದ್ದು ಉಂಟು ಎಂದು ಬರೆದರು. ಮೊದಲ ಪಾರ್ಸೆಲಿನಲ್ಲಿ ಬಲಗಡೆಯದ್ದು ಬಂತು. ಅದನ್ನು ಹಿಂದೆ ಕಳಿಸಿದರೆ ಎಡಗಡೆಯದ್ದೇ ಬಂತು, ಆದರೆ ಬೇರೆ ಯಾವುದೋ ಕಾರಿನದ್ದು. ಮೂರನೆಯ ಸಲ ಸರಿಯಾದದ್ದೇ ಬಂದಿತ್ತು, ಲಾರಿಯಲ್ಲಿ ಎರಡು ತುಂಡಾಗಿ. ಕೊನೆಗೆ ಯಾರೋ ಕಾಪುವಿನ ಕರುಣಾಕರನ ಹೆಸರು ಹೇಳಿದರು. ಮೂವತ್ತು ಅಡಿಯ ದೋಣಿಯನ್ನೇ ಅಚ್ಚು ತೆಗೆದು ಎರೆಯುವವನಿಗೆ ಮೂರಡಿಯ ಮಡ್‌ಗಾರ್ಡು ಎಂತ ದೊಡ್ಡದು? ಹಳೆಯದನ್ನು ಬಿಚ್ಚಿ, ಜೊತೆಗೊಂದು ಪತ್ರ ಇಟ್ಟು ಬಸ್ಸಿನಲ್ಲಿ ಕಳಿಸಿದ್ದರು. ಇವತ್ತು ಗಂಡ ಹೆಂಡತಿ ಇಬ್ಬರೂ ಎಡಗಡೆ ಬೋಳು ಚಕ್ರದ ಕಾರಿನಲ್ಲಿ, ಉಡುಪಿಯವರೆಲ್ಲ ತಿರುಗಿ ನೋಡುವ ಹಾಗೆ ಬಂದಿದ್ದರು.

ಆ ಪತ್ರವನ್ನು ಕರುಣಾಕರ ಶೆಡ್ಡಿನ ಕಂಬಕ್ಕೆ ಮೊಳೆ ಹೊಡೆದು ಇಟ್ಟಿದ್ದ. ಈಗ ಬಿಡಿಸಿ ತಂದು ಓದಿದ.

ಕರುಣಾಕರ: "ಮೂಲದಲ್ಲಿ ಹೇಗಿದೆಯೋ ಹಾಗೆಯೇ ಇರತಕ್ಕದ್ದು. ಏನನ್ನೂ ಸೇರಿಸತಕ್ಕದ್ದಲ್ಲ. ಏನನ್ನೂ ಬಿಡತಕ್ಕದ್ದಲ್ಲ." ಕೆಳಗೆ ಎರಡು ಗೆರೆ ಎಳೆದದ್ದೂ ಉಂಟು.

ವಿಷ್ಣುಮೂರ್ತಿ: ಸಾಮಾನ್ಯ ಜ್ಞಾನ ಅಂತ ಒಂದು ಉಂಟಲ್ಲ ಮಾರಾಯ. ನೆಗ್ಗು ಯಾರಿಗಾದರೂ ಬೇಕಾಗುತ್ತದಾ?

ಕರುಣಾಕರ: ಬೇಕಾಗುತ್ತದೆ. ಹೋದ ವರ್ಷ ವಾಸು ಅವನ ಹಳೇ ಮರದ ದೋಣಿ ತಂದು, ಇದರ ಹಾಗೆಯೇ ಫೈಬರಿನದ್ದು ಬೇಕು ಅಂದ. ಅದರ ಮೂತಿ ಎಡಕ್ಕೆ ಓರೆ. ನಾನು ಒಳ್ಳೆಯ ಮನಸ್ಸಿನಿಂದ ನೆಟ್ಟಗೆ ಮಾಡಿಕೊಟ್ಟೆ. ಆ ವರ್ಷ ಅವನಿಗೆ ಮೀನೇ ಸಿಕ್ಕಲಿಲ್ಲ. ಓರೆ ತೆಗೆದು ನನ್ನ ಅದೃಷ್ಟ ತೆಗೆದೆ ಅಂತ ಇವತ್ತಿಗೂ ನನ್ನ ಹತ್ತಿರ ಮಾತಿಲ್ಲ. ಅಂದಿನಿಂದ ಯಾರು ಎಂತ ತಂದರೂ ನಾನು ತಿದ್ದುವುದಿಲ್ಲ.

ವಿಷ್ಣುಮೂರ್ತಿ: ನಾನು ಮೋರಿಸ್ಸಿನಲ್ಲಿ ಮೀನು ಹಿಡಿಯಲು ಹೋಗುವುದಿಲ್ಲ.

ಕರುಣಾಕರ: ಅದನ್ನೂ ಪತ್ರದಲ್ಲಿ ಬರೆಯಬಹುದಿತ್ತು.

ನಳಿನಾಕ್ಷಿಗೆ ಆ ಸಂಕಟದಲ್ಲೂ ನಗು ಬಂತು. ಶಾಲೆಯ ನಾನ್ನೂರು ಮಕ್ಕಳಲ್ಲಿ ಒಬ್ಬನಿಗೂ ಹೆಡ್‌ಮಾಸ್ಟರರಿಗೆ ಹೀಗೆ ಉತ್ತರ ಕೊಡುವ ಎದೆ ಇರಲಿಲ್ಲ. ಹಾಗಾದರೆ ನೆಗ್ಗಿಲ್ಲದೆ ಇನ್ನೊಂದು ಮಾಡಿ ಎಂದು ಅವಳು ಕೇಳಿದಳು. ಮೇ ತಿಂಗಳು ಮುಗಿಯುತ್ತ ಬಂತು, ಇನ್ನು ಮಳೆ ಹಿಡಿದರೆ ಫೈಬರಿಗೆ ಹಾಕುವ ರೆಸಿನ್ ಅಂಟು ಗಟ್ಟಿಯಾಗುವುದಿಲ್ಲ, ದಸರಾ ಕಳೆಯಲಿ ಎಂದ ಕರುಣಾಕರ. ಅದನ್ನು ಕೇಳಿ ಗಂಡನ ಮುಖದಲ್ಲಿ ಒಂದು ಸಣ್ಣ ಸಮಾಧಾನ ಮೂಡಿ ಮರೆಯಾದದ್ದನ್ನು ಅವಳು ಕಂಡಳು.

ನಳಿನಾಕ್ಷಿ: ನಿಮಗೆ ಖುಷಿಯಾದದ್ದು ಯಾಕೆ?

ವಿಷ್ಣುಮೂರ್ತಿ: ಖುಷಿ ಎಂತದ್ದು? ನಿಜ ಹೇಳಬೇಕಲ್ಲ. ನೆಗ್ಗು ಹೋದ ದಿನ ಅಂತ ಹೇಳಿದ್ದೆ. ನೆಗ್ಗು ಹೋಗಲಿಲ್ಲ. ನಾನು ಮಾತು ತಪ್ಪಿದ ಹಾಗೆ ಆಗಲಿಲ್ಲ, ಅಲ್ವಾ?

ಅವಳಿಗೆ ನಿಜವಾಗಿ ಬೇಸರವಾಯಿತು. ವಯಸ್ಸು ನಲವತ್ತೈದಾಯಿತು. ಕಾರ್ಕಳದ ತಾಯಿಮನೆಗೆ ತಾನೇ ಕಾರು ಓಡಿಸಿಕೊಂಡು ಹೋಗಿ ಇಳಿಯಬೇಕೆಂಬ ಆಸೆಯೊಂದನ್ನು ಹದಿನಾರು ವರ್ಷ ಕಾದು ಇಟ್ಟುಕೊಂಡಿದ್ದಳು. ಅದು ಇನ್ನು ದಸರಾದ ಆಚೆಗೆ ಹೋಯಿತು. ದಸರಾ ಬಂದರೆ ಇನ್ನೊಂದು ನೆಪ ಬರುತ್ತದೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಅವಳ ಮುಖ ನೋಡಿ ಕರುಣಾಕರನಿಗೆ ಪಾಪ ಎನಿಸಿತು.

ಕರುಣಾಕರ: ಅಮ್ಮ, ಅಷ್ಟಕ್ಕೆಲ್ಲ ಬೇಸರ ಮಾಡಬೇಡಿ. ಇದಕ್ಕೂ ಮೊದಲಿನ ಹಾಗೆ ಪುಟ್ಟಿ ತುಂಬಿಸಿ ಬಣ್ಣ ಹೊಡೆದರೆ ಆಯ್ತು.

ನಳಿನಾಕ್ಷಿ: ಮೊದಲಿನ ಹಾಗೆ ಅಂದರೆ?

ಕರುಣಾಕರ: ಹಳೆಯದಕ್ಕೆ ತುಂಬಿಸಿದ್ದರಲ್ಲ, ಹಾಗೆ.

ವಿಷ್ಣುಮೂರ್ತಿ: ಕರುಣಾಕರ, ಹೊತ್ತಾಯಿತು. ಇದನ್ನು ಕಾರಿಗೆ ಕಟ್ಟಿಬಿಡಿ.

ನಳಿನಾಕ್ಷಿ: ಸ್ವಲ್ಪ ಇರಿ. ನೀವು ಹೇಳಿ.

ಕರುಣಾಕರನಿಗೆ ತನ್ನ ಕಸುಬಿನ ವಿಷಯ ಯಾರಾದರೂ ಕೇಳಿದರೆ ಸಾಕು. ಅಚ್ಚು ತೆಗೆಯುವ ಮೊದಲು ಹಳೆಯ ಬಣ್ಣವನ್ನೆಲ್ಲ ಕೆರೆಯಬೇಕು ಎಂದು ಅವನು ವಿವರಿಸಿದ. ಕೆರೆಯುವಾಗ ನೆಗ್ಗಿನ ಅಂಚಿನಿಂದ ಪುಟ್ಟಿಯ ಒಂದು ತುಂಡು ಎದ್ದು ಬಂದಿತ್ತು. ಏನನ್ನೂ ಬಿಡತಕ್ಕದ್ದಲ್ಲ ಎಂದು ಬರೆದಿತ್ತಲ್ಲ, ಹಾಗಾಗಿ ಅದನ್ನು ಎತ್ತಿಟ್ಟಿದ್ದ. ಡಬ್ಬಿಯಿಂದ ತೆಗೆದು ಅವಳ ಅಂಗೈಯಲ್ಲಿಟ್ಟ. ಮೇಲುಗಡೆ ಬೂದು ಬಣ್ಣ. ಮಗುಚಿದರೆ ಅಡಿಯಲ್ಲಿ ಹಸಿರು.

ನಳಿನಾಕ್ಷಿ: ಹಸಿರು ಯಾಕೆ? ನಮ್ಮ ಕಾರು ಬೂದು.

ಕರುಣಾಕರ: ಮೊದಲು ಹಸಿರಿತ್ತು ಅಮ್ಮ. ಹಸಿರಿರುವಾಗಲೇ ಗುದ್ದಿದ್ದು. ಗುದ್ದಿದ ಮೇಲೆ ಪುಟ್ಟಿ. ಪುಟ್ಟಿಯ ಮೇಲೆ ಬೂದು. ಇಷ್ಟು ಪುಟ್ಟಿ ಹಾಕಿದರೆ ಅದು ನಿಲ್ಲುವುದಿಲ್ಲ. ಎಲ್ಲಿಯಾದರೂ ಮೆಲ್ಲಗೆ ತಾಗಿದರೆ ಸಾಕು, ಪೂರ್ತಿ ಉದುರುತ್ತದೆ.

ನಳಿನಾಕ್ಷಿ ಆ ತುಂಡನ್ನು ಇನ್ನೊಮ್ಮೆ ಮಗುಚಿ ನೋಡಿದಳು. ಅವಳು ಹಸಿರು ಕಾರನ್ನು ಕಂಡವಳೇ ಅಲ್ಲ. ಅರವತ್ತಾರರಲ್ಲಿ ಮದುವೆಯ ದಿಬ್ಬಣಕ್ಕೆ ಬಂದಾಗಲೇ ಅದು ಹೊಸ ಬೂದು ಬಣ್ಣದಲ್ಲಿತ್ತು. ಅಳಿಯನ ಕಾರು ಕನ್ನಡಿಯ ಹಾಗೆ ಉಂಟು ಎಂದು ಅವಳ ಅಪ್ಪ ಹೊಗಳಿದ್ದರು.

ನಳಿನಾಕ್ಷಿ: ಎಲ್ಲಿ ಗುದ್ದಿದ್ದು?

ವಿಷ್ಣುಮೂರ್ತಿ: ಅದು ಹಳೆಯ ಕಥೆ.

ನಳಿನಾಕ್ಷಿ: ನನ್ನದೂ ಹಳೆಯ ಕಥೆಯೇ. ವಾರಕ್ಕೆ ಎರಡು ಸಲ ಹೇಳುತ್ತಿದ್ದಿರಿ.

ಹೆಡ್‌ಮಾಸ್ಟರರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

ವಿಷ್ಣುಮೂರ್ತಿ: ಕಾರ್ಕಳದಲ್ಲಿ ನಿನ್ನನ್ನು ನೋಡಲು ಬಂದಿದ್ದೆನಲ್ಲ, ಆ ದಿನ. ವಾಪಸ್ ಹೋಗುವಾಗ ನೀನು ಜಗಲಿಯಲ್ಲಿ ಇನ್ನೂ ನಿಂತಿದ್ದೀಯಾ ಅಂತ ತಿರುಗಿ ನೋಡಿದೆ. ಎದುರಿಗೆ ಮೈಲಿಕಲ್ಲು ಇತ್ತು.

ಅವಳ ಮನಸ್ಸು ಒಂದು ಕ್ಷಣ ಕರಗಿತು. ನಿಜವಾಗಿ ನಿಂತಿದ್ದಳು ಅವಳು, ಕಾರು ಕಾಣದಾಗುವವರೆಗೂ. ಅದನ್ನು ಈಗ ಹೇಳಿಬಿಡೋಣ ಎಂದು ಬಾಯಿ ತೆರೆದವಳು, ಬೇರೆ ಏನೋ ಹೊಳೆದು ನಿಲ್ಲಿಸಿದಳು.

ನಳಿನಾಕ್ಷಿ: ಅಂದರೆ ಅದಕ್ಕೂ ಕಾರಣ ನಾನೇ ಅಂತಾಯ್ತು, ಅಲ್ವಾ?

ವಿಷ್ಣುಮೂರ್ತಿ: ನಾನು ಹಾಗೆ ಹೇಳಲಿಲ್ಲ.

ನಳಿನಾಕ್ಷಿ: ಬಾವಿಕಟ್ಟೆಯ ದಿನ ಗೊತ್ತಿತ್ತಲ್ಲ ನಿಮಗೆ, ಉದುರಿದ್ದು ಪುಟ್ಟಿ ಅಂತ.

ವಿಷ್ಣುಮೂರ್ತಿ: ಗೊತ್ತಿತ್ತು. ಆ ದಿನವೇ ಹೇಳಬೇಕಿತ್ತು. ನಾಳೆ ಹೇಳುತ್ತೇನೆ ಅಂತ ಬಿಟ್ಟೆ. ಆಮೇಲೆ ಕಥೆ ಎಲ್ಲರಿಗೂ ಇಷ್ಟವಾಗಿ ಹೋಯಿತು.

ಕರುಣಾಕರನಿಗೆ ತಾನೇನೋ ಬೆಂಕಿ ಹಚ್ಚಿದ್ದೇನೆಂದು ಆಗ ಹೊಳೆಯಿತು. ಮಾತು ತಿರುಗಿಸಲು, ಒಂದು ಗಂಟೆ ಕೊಟ್ಟರೆ ಪುಟ್ಟಿ ತುಂಬಿಸಿ ನುಣ್ಣಗೆ ಮಾಡಿಕೊಡುತ್ತೇನೆ, ನೆಗ್ಗಿದ್ದದ್ದು ಯಾರಿಗೂ ತಿಳಿಯುವುದಿಲ್ಲ ಎಂದ. ಹೆಡ್‌ಮಾಸ್ಟರರು ಅವಸರದಿಂದ ತಲೆಯಾಡಿಸಿದರು. ಎರಡು ಗಂಟೆ ಬೇಕಾದರೂ ತೆಗೆದುಕೊಳ್ಳಿ ಎಂದರು.

ನಳಿನಾಕ್ಷಿ: ಬೇಡ. ಪುಟ್ಟಿ ಹಾಕಬೇಡಿ. ಹೀಗೆಯೇ ಜೋಡಿಸಿ.

ವಿಷ್ಣುಮೂರ್ತಿ: ನೀನೇ ಅಲ್ವಾ ಈ ನೆಗ್ಗು ಹೋಗಬೇಕು ಅಂತ ಇದ್ದದ್ದು?

ನಳಿನಾಕ್ಷಿ: ನನ್ನದಾಗಿದ್ದಾಗ ಹೋಗಬೇಕಿತ್ತು. ಈಗ ಇರಲಿ. ಸೋಮವಾರ ಲರ್ನರ್ಸ್ ಲೈಸೆನ್ಸಿಗೆ ಅರ್ಜಿ ಹಾಕುತ್ತೇನೆ. ಲೈಸೆನ್ಸ್ ಬಂದ ಮೇಲೆ ಕಾರ್ಕಳಕ್ಕೆ ನಾನು ಓಡಿಸುತ್ತೇನೆ, ನೀವು ಪಕ್ಕದಲ್ಲಿ ಕುಳಿತುಕೊಳ್ಳಿ. ದಾರಿಯಲ್ಲಿ ಯಾರಾದರೂ ಮಡ್‌ಗಾರ್ಡಿಗೆ ಎಂತ ಆಯಿತು ಅಂತ ಕೇಳಿದರೆ ನಾನು ಗಾಡಿ ನಿಲ್ಲಿಸುತ್ತೇನೆ, ನೀವು ಕಥೆ ಹೇಳಿ.

ವಿಷ್ಣುಮೂರ್ತಿ: ಎಷ್ಟು ದಿನ ಅಂತ ಹೇಳುವುದು ಮಾರಾಯ್ತಿ?

ನಳಿನಾಕ್ಷಿ ಉತ್ತರಕ್ಕಾಗಿ ಕರುಣಾಕರನ ಮುಖ ನೋಡಿದಳು. ಅವನು ಸ್ಪ್ಯಾನರು ಹಿಡಿದು ಆಗಲೇ ಕಾರಿನ ಪಕ್ಕ ಮೊಣಕಾಲೂರಿದ್ದ.

ಕರುಣಾಕರ: ಕಬ್ಬಿಣದ್ದಾದರೆ ಹತ್ತು ವರ್ಷಕ್ಕೆ ತುಕ್ಕು ಹಿಡಿದು ಹೋಗುತ್ತಿತ್ತು ಮಾಸ್ಟ್ರೇ. ಇದು ಫೈಬರು. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಈ ನೆಗ್ಗು ಹೀಗೆಯೇ ಇರುತ್ತದೆ. ಅದಕ್ಕೆ ನಾನು ಗ್ಯಾರಂಟಿ.