ಕುಂಕುಮವಿಟ್ಟ ಸಿಲಿಂಡರ್

ನನ್ನ ಕಾರಿಗೆ ಎರಡು ಹೊಟ್ಟೆ. ಒಂದು ಪೆಟ್ರೋಲು ಕುಡಿಯುವುದು, ಇನ್ನೊಂದು ಅಡುಗೆ ಗ್ಯಾಸು ಉಣ್ಣುವುದು. ತೊಂಬತ್ತರ ದಶಕದ ಪಾಂಡವಪುರದಲ್ಲಿ ಇಂಥ ವಾಹನದ ಒಡೆಯ ನಾನೊಬ್ಬನೇ ಎಂಬುದು ನನ್ನ ದೃಢ ನಂಬಿಕೆ. ಹಳೆಯ ಬಿಳಿ ಕಾರು ಕೊಂಡು, ಡಿಕ್ಕಿಯಲ್ಲಿ ಸಿಲಿಂಡರ್ ಕೂರಿಸಿ, ಸ್ಟೀರಿಂಗ್ ಪಕ್ಕ ಒಂದು ಸ್ವಿಚ್ಚು ಹಾಕಿಸಿದ್ದೆ. ಮೇಲೆತ್ತಿದರೆ ಪೆಟ್ರೋಲು, ಕೆಳಗೊತ್ತಿದರೆ ಗ್ಯಾಸು. ಇದಕ್ಕೆ ಸರ್ಕಾರದ ಒಪ್ಪಿಗೆ ಇದೆಯೋ ಇಲ್ಲವೋ ನಾನು ಕೇಳಲಿಲ್ಲ, ಸರ್ಕಾರವೂ ಹೇಳಲಿಲ್ಲ. ಗ್ಯಾಸಿಗೆ ಹಾಕಿದರೆ ಎಂಜಿನ್ನಿನ ಗೊರಗೊರ ಅರ್ಧ ಇಳಿಯುತ್ತಿತ್ತು. ಆ ಸದ್ದಿಲ್ಲದ ಓಟವೇ ನನ್ನ ಹೆಮ್ಮೆ.

ಸಿಲಿಂಡರ್ ಬರುತ್ತಿದ್ದದ್ದು ನನ್ನ ಹೆಂಡತಿ ಸಾವಿತ್ರಿಯ ಅಡುಗೆಮನೆಯಿಂದ. ತುಂಬಿದ್ದು ಯಾವುದು, ಖಾಲಿ ಯಾವುದು ಎಂದು ತಿಳಿಯಲು ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊಸ ಸಿಲಿಂಡರ್ ಮನೆಗೆ ಬಂದ ಕೂಡಲೇ ನನ್ನ ಅವ್ವ ಅದಕ್ಕೆ ಕುಂಕುಮ ಇಡುತ್ತಿದ್ದಳು. ಖಾಲಿಯಾದ ದಿನ ಸಾವಿತ್ರಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಕುಂಕುಮ ಇದ್ದರೆ ತುಂಬಿದ್ದು, ಇಲ್ಲದಿದ್ದರೆ ಖಾಲಿ. ಇಷ್ಟು ವೈಜ್ಞಾನಿಕ ಪದ್ಧತಿ ಗ್ಯಾಸು ತಯಾರಿಸುವವರಿಗೂ ಹೊಳೆದಿರಲಾರದು!

ಹೀಗಿರುವಾಗ ಸಾವಿತ್ರಿಯ ಒಬ್ಬನೇ ತಮ್ಮ ಕುಮಾರನಿಗೆ ಸಂತೆಬಾಚಹಳ್ಳಿಯ ಹೆಣ್ಣು ಗೊತ್ತಾಯಿತು. ಗಂಡಿನ ಕಡೆಯ ಶಾಸ್ತ್ರಗಳೆಲ್ಲ ನಮ್ಮ ಮನೆಯಲ್ಲೇ. ಸೋಮವಾರ ಬೆಳಿಗ್ಗೆ ಮುಹೂರ್ತ. ಭಾನುವಾರ ಸಂಜೆಯೇ ಹೆಣ್ಣಿನ ಕಡೆಯವರು ವಾಲಗ ಊದಿಸಿಕೊಂಡು ಊರ ಬಾಗಿಲಿಗೆ ಬಂದು ಮದುಮಗನನ್ನು ಎದುರುಗೊಳ್ಳಬೇಕು. ಅದೂ ನಾಲ್ಕೂವರೆಯೊಳಗೆ, ಏಕೆಂದರೆ ಆಮೇಲೆ ರಾಹುಕಾಲ. ನಿಶ್ಚಿತಾರ್ಥಕ್ಕೇ ನಾವು ಎರಡು ಗಂಟೆ ತಡವಾಗಿ ಹೋಗಿ ಹೆಣ್ಣಿನ ದೊಡ್ಡಪ್ಪನ ಕೈಲಿ ಬೈಸಿಕೊಂಡಿದ್ದೆವು. ಇನ್ನೊಂದು ಸಲ ಹೀಗಾದರೆ ತಾನು ಮದುವೆಗೇ ನಿಲ್ಲುವುದಿಲ್ಲ ಎಂದು ಆ ಹಿರಿಯರು ಎದ್ದುಹೋಗಿದ್ದರು. ಸಾವಿತ್ರಿಗೆ ಅದೇ ಭಯ. ತಮ್ಮನನ್ನು ನೆಂಟರ ಬಸ್ಸಿನಲ್ಲೇ ಕಳಿಸೋಣ ಎಂದಳು. ಎರಡು ಹೊಟ್ಟೆಯ ಕಾರಿರುವಾಗ ಬಸ್ಸೇ? ನನಗೆ ಅವಮಾನವಾಯಿತು. ಒಂದು ಕೈಕೊಟ್ಟರೆ ಇನ್ನೊಂದು ಇದ್ದೇ ಇದೆ ಎಂದು ಗಂಭೀರವಾಗಿ ಭಾಷಣ ಮಾಡಿ ಒಪ್ಪಿಸಿದೆ.

ಭಾನುವಾರ ಬೆಳಿಗ್ಗೆ ಅಡುಗೆಮನೆಯ ಮೂಲೆಯಲ್ಲಿದ್ದ ಕುಂಕುಮದ ಸಿಲಿಂಡರನ್ನು ಒಬ್ಬನೇ ಎತ್ತಿ ಡಿಕ್ಕಿಗೆ ಹಾಕಿದೆ. ಯಾವತ್ತೂ ಸೊಂಟ ಹಿಡಿಸುವ ಸಿಲಿಂಡರ್ ಅಂದು ಹೂವಿನ ಹಾಗೆ ಮೇಲೆದ್ದಿತು. ಎರಡು ದಿನದ ಮದುವೆಮನೆ ಊಟ ತೋಳಿಗೆ ಇಳಿದಿದೆ ಎಂದುಕೊಂಡು ಬಹಳ ಸಂತೋಷಪಟ್ಟೆ.

ಮಧ್ಯಾಹ್ನ ನೆಂಟರ ಬಸ್ಸು ಮುಂದೆ ಹೋಯಿತು. ಪಕ್ಕದಲ್ಲಿ ಪೇಟ ಸುತ್ತಿದ ಕುಮಾರ, ಹಿಂದೆ ಅವ್ವ ಮತ್ತು ಸಾವಿತ್ರಿಯನ್ನು ಕೂರಿಸಿಕೊಂಡು ನಾನು ಹೊರಟೆ. ಟ್ಯಾಂಕಿನಲ್ಲಿದ್ದ ಒಂದಿಷ್ಟು ಪೆಟ್ರೋಲು ದಾರಿಯಲ್ಲಿ ಮುಗಿಸಿ, ಊರು ಹತ್ತಿರ ಬಂದಾಗ ಗ್ಯಾಸಿಗೆ ಬದಲಾಯಿಸಿ, ಬೀಗರ ಮುಂದೆ ಸದ್ದಿಲ್ಲದೆ ಹೋಗಿ ನಿಲ್ಲುವುದು ನನ್ನ ಯೋಜನೆ. ಚಿನಕುರಳಿ ದಾಟಿತು. ಸಂತೆಬಾಚಹಳ್ಳಿ ಇನ್ನು ಮೂರು ಮೈಲಿ ಇದೆ ಎನ್ನುವಾಗ ಪೆಟ್ರೋಲು ಮುಗಿದು ಎಂಜಿನ್ನು ಕೆಮ್ಮಿತು. ಎಲ್ಲವೂ ಯೋಜನೆಯಂತೆಯೇ! ನಾನು ಸ್ವಿಚ್ಚು ಕೆಳಗೊತ್ತಿ ಕುಮಾರನ ಕಡೆ ತಿರುಗಿ, ಸದ್ದೇನಾದರೂ ಕೇಳುತ್ತಿದೆಯೇ ಎಂದು ಕೇಳಿದೆ.

"ಸದ್ದೇನೋ ಇಲ್ಲ ಭಾವ," ಎಂದ ಅವನು. "ಮರಗೋಳೂ ನಿಂತ್ಕಂಡವೆ."

ಇಳಿದು ಡಿಕ್ಕಿ ತೆಗೆದೆವು. ಸಾವಿತ್ರಿ ಸಿಲಿಂಡರನ್ನು ಒಂದೇ ಕೈಯಲ್ಲಿ ಅಲ್ಲಾಡಿಸಿ ನನ್ನ ಮುಖ ನೋಡಿದಳು. ಅದು ಅವಳು ಶುಕ್ರವಾರವೇ ಒರೆಸಿ ಮೂಲೆಗಿಟ್ಟಿದ್ದ ಖಾಲಿ ಸಿಲಿಂಡರ್. ತುಂಬಿದ್ದು ಒಲೆಗೆ ಸಿಕ್ಕಿಸಿಕೊಂಡು ಮನೆಯಲ್ಲೇ ಕೂತಿತ್ತು. ಹಾಗಾದರೆ ಈ ಕುಂಕುಮ? ಶನಿವಾರ ಒಲೆ ಪೂಜೆಯ ಶಾಸ್ತ್ರದಲ್ಲಿ ಅವ್ವ ಅಡುಗೆಮನೆಯ ಸಮಸ್ತ ವಸ್ತುಗಳಿಗೂ ಇಟ್ಟಿದ್ದಳು. ನನಗೆ ರೇಗಿಹೋಯಿತು. ಕುಂಕುಮ ಇದ್ದರೆ ತುಂಬಿದೆ ಎಂದಲ್ಲವೇ ಅರ್ಥ ಎಂದು ಅವ್ವನ ಮೇಲೆ ಎಗರಾಡಿದೆ.

ಅವ್ವ ಸೀಟಿನಿಂದ ಕದಲಲಿಲ್ಲ. "ಬೆಳಿಗ್ಗೆ ನಿನ್ ಅಣೆಗೂ ಇಟ್ಟಿವ್ನಿ ಕಣ್ಲಾ," ಎಂದಳು. "ನೀನೇನ್ ತುಂಬಿದ್ದೀಯಾ?"

ಗಂಟೆ ನಾಲ್ಕಾಗುತ್ತ ಬಂದಿತ್ತು. ಸಾವಿತ್ರಿಯ ಕಣ್ಣು ತುಂಬಿಕೊಂಡವು. ಅಷ್ಟರಲ್ಲಿ ಚಪ್ಪಡಿ ಕಲ್ಲು ಇಳಿಸಿ ಬರುತ್ತಿದ್ದ ಒಂದು ಟ್ರಾಕ್ಟರು ಸಿಕ್ಕಿತು. ಡ್ರೈವರ್ ನಿಂಗಣ್ಣ ಎಂಬ ಪುಣ್ಯಾತ್ಮ. ಅಡ್ಡ ನಿಂತು ಕೈಮುಗಿದೆ. ಪೇಟದ ಮದುಮಗನನ್ನು ನೋಡಿದ ಅವನು ಮರುಮಾತಿಲ್ಲದೆ ಹಗ್ಗ ಬಿಚ್ಚಿದ. ಸದ್ದಿಲ್ಲದ ನನ್ನ ಕಾರು ಊರಿಗೆಲ್ಲ ಕೇಳುವಷ್ಟು ಸದ್ದು ಮಾಡುವ ಟ್ರಾಕ್ಟರಿನ ಹಿಂದೆ ಹೊರಟಿತು.

ಊರಿಗೆ ಕೂಗಳತೆಯಲ್ಲಿ ಒಂದು ತಿರುವು. ಅಲ್ಲಿ ಹುಲ್ಲಿನ ಮೆದೆಯ ಮರೆಯಲ್ಲಿ ಹಗ್ಗ ಬಿಚ್ಚಿಸಿದೆ. ಎಷ್ಟಾದರೂ ಮರ್ಯಾದೆ ಪ್ರಶ್ನೆ! ಮುಂದೆ ಸ್ವಲ್ಪ ಇಳಿಜಾರು. ನಿಂಗಣ್ಣ ಒಂದು ಕಡೆ, ಜರಿ ಸೀರೆಯ ಸೆರಗು ಸಿಕ್ಕಿಸಿಕೊಂಡ ಸಾವಿತ್ರಿ ಇನ್ನೊಂದು ಕಡೆ ನಿಂತು ನೂಕಿದರು. ವಾಲಗ ಶುರುವಾಯಿತು. ಆದರೆ ಬೀಗರಿಗೆ ಇನ್ನು ಇಪ್ಪತ್ತು ಮಾರು ಇರುವಾಗ ಇಳಿಜಾರು ಮುಗಿದು ಕಾರು ನಿಂತೇಬಿಟ್ಟಿತು. ಹೆಣ್ಣಿನ ದೊಡ್ಡಪ್ಪ ಮುಂದೆ ಬಂದು, ಮದುಮಗನ ಅಕ್ಕ ಯಾಕೆ ಕಾರಿನ ಹಿಂದೆ ನಡೆದು ಬರುತ್ತಿದ್ದಾರೆ ಎಂದು ಕೇಳಿದರು.

ಸಾವಿತ್ರಿ ರೆಪ್ಪೆ ಮಿಟುಕಿಸಲಿಲ್ಲ. "ನಮ್ ಕಡೆ ಶಾಸ್ತ್ರ ದೊಡ್ಡಪ್ಪ. ಮದುಮಗನ ಗಾಡೀನ ಎಣ್ಮಕ್ಕಳು ಕೈಮುಟ್ಟಿ ಊರೊಳಕ್ಕೆ ಕರ್ಕಬೇಕು."

ಶಾಸ್ತ್ರ ಎಂದ ಮೇಲೆ ಮುಗಿಯಿತು. ಹೆಣ್ಣಿನ ಕಡೆಯ ಹದಿನೈದು ಹೆಂಗಸರು ಕಳಶ ಪಕ್ಕಕ್ಕಿಟ್ಟು, ನಗುತ್ತ ಬಂದು ಕಾರಿಗೆ ಕೈಹಚ್ಚಿದರು. ವಾಲಗದವರು ಮುಂದೆ, ಬೀಗಿತಿಯರು ಹಿಂದೆ, ಸ್ಟೀರಿಂಗ್ ಹಿಡಿದು ಮಹಾರಾಜನಂತೆ ಕೂತ ನಾನು ನಡುವೆ. ನಾಲ್ಕು ಇಪ್ಪತ್ತೈದಕ್ಕೆ ಕುಮಾರ ಊರೊಳಗಿದ್ದ. ಸಾವಿತ್ರಿ ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

ದೊಡ್ಡಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ತಲೆದೂಗಿದರು. "ಏನ್ ಗಾಡಿ ಮಡಗಿದ್ದೀರ ಸ್ವಾಮಿ! ಒಂಚೂರೂ ಸದ್ದಿಲ್ವಲ್ಲ!"

ಇಷ್ಟು ದಿನ ನಾನು ಕಾದಿದ್ದ ಮಾತು. ಅಷ್ಟರಲ್ಲಿ ಒಬ್ಬ ಮುತ್ತೈದೆ ತಟ್ಟೆ ಹಿಡಿದು ಬಂದು ಕಾರಿನ ಮೂತಿಗೆ ಧಾರಾಳವಾಗಿ ಕುಂಕುಮ ಇಟ್ಟರು. ಅದೇ ಬೆರಳಿನಿಂದ ನನ್ನ ಹಣೆಗೂ ಇಟ್ಟರು.

ಅವ್ವ ಕಾರನ್ನು ನೋಡಿದಳು, ನನ್ನನ್ನು ನೋಡಿದಳು. ಪುಣ್ಯಕ್ಕೆ, ಬೀಗರ ಮುಂದೆ ಏನೂ ಹೇಳಲಿಲ್ಲ.